ಗುರುವಾರದ ಬುತ್ತಿ

ನನ್ನ ಹೆಂಡತಿಯ ತಲೆಯೊಳಗೆ ಒಬ್ಬ ಗಂಡಸು ಇದ್ದಾನೆಂದು ನನಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಅವನ ದನಿ ಅಷ್ಟು ಚೆನ್ನಾಗಿದೆ ಎಂದು ಗೊತ್ತಾದದ್ದು ಮಾತ್ರ ಹೋದ ಶ್ರಾವಣದಲ್ಲಿ, ಹುಬ್ಬಳ್ಳಿಯ ಆ ಗಾಜಿನ ಕೋಣೆಯಲ್ಲಿ ಕೂತಾಗ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಗುರುಪಾದಪ್ಪ. ಗದಗಿನ ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಊರಿನ ಉಳಿದ ಖಾನಾವಳಿಗಳಲ್ಲೆಲ್ಲ ಈಗ ಯಂತ್ರವೇ ಹಿಟ್ಟು ನಾದಿ, ಯಂತ್ರವೇ ರೊಟ್ಟಿ ಬಡಿದು, ಯಂತ್ರವೇ ಬೇಯಿಸುತ್ತದೆ. ನಮ್ಮಲ್ಲಿ ಇನ್ನೂ ಕೈಯಲ್ಲೇ ಬಡಿಯುತ್ತೇವೆ. ನಮ್ಮಪ್ಪ ಕಲಿಸಿಹೋದ ಇನ್ನೊಂದು ಪದ್ಧತಿಯನ್ನೂ ಬಿಟ್ಟಿಲ್ಲ. ಅಡುಗೆ ಮಾಡುವವನು ರುಚಿ ನೋಡಬಾರದು. ಉಪ್ಪು, ಖಾರ, ಹುಳಿ ಎಲ್ಲ ವಾಸನೆಯಲ್ಲೇ ತಿಳಿಯಬೇಕು. ದೇವರಿಗೆ ಎಡೆ ಹೋಗಿ, ಗಿರಾಕಿಗಳೆಲ್ಲ ಉಂಡು ಕೈ ತೊಳೆದ ಮೇಲೆ ಪಾತ್ರೆಯಲ್ಲಿ ಉಳಿದದ್ದು ನನ್ನ ಪಾಲು. ಮೂವತ್ತು ವರ್ಷ ಮೆಣಸಿನಕಾಯಿ ಘಾಟು ಕುಡಿದು ನನ್ನ ಮೂಗು ಚುರುಕಾಗಿದೆ, ದನಿ ಒಡೆದುಹೋಗಿದೆ. ದನಿಯ ವಿಷಯ ಯಾಕೆ ಹೇಳಿದೆನೆಂದು ಮುಂದೆ ನಿಮಗೇ ತಿಳಿಯುತ್ತದೆ.

ಹೆಂಡತಿ ಕಸ್ತೂರಿ ಮದುವೆಯಾಗಿ ಬಂದಾಗ ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಧೋತರ, ಕುಪ್ಪಸದ ಚೂರು, ಯಾವುದರ ಪಕ್ಕಕ್ಕೆ ಯಾವುದನ್ನು ಇಟ್ಟರೆ ಒಪ್ಪುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಓಣಿಯ ಬಾಣಂತಿಯರೆಲ್ಲ ಅವಳ ಕೌದಿಯನ್ನೇ ಕೇಳಿ ಒಯ್ಯುತ್ತಿದ್ದರು. ಮದುವೆಯಾದ ಆರನೆಯ ವರ್ಷ ಅವಳಿಗೆ ಯಾರೂ ಆಡದ ಮಾತು ಕೇಳಿಸತೊಡಗಿತು. ಮೊದಲು ಮೂವರ ದನಿ. ಬೈಯುವುದು, ಹೆದರಿಸುವುದು, ಓಡು ಅನ್ನುವುದು. ಒಂದು ಮಧ್ಯಾಹ್ನ ರೈಲು ಹಳಿಯ ಮೇಲೆ ಕೂತಿದ್ದವಳನ್ನು ಗ್ಯಾಂಗ್‌ಮನ್ ಕೈಹಿಡಿದು ಎಬ್ಬಿಸಿ ಕರೆತಂದ. ನಲವತ್ತು ದಿನ ಆಸ್ಪತ್ರೆಯಲ್ಲಿಟ್ಟರು. ಮನೆಗೆ ಬಂದಾಗ ಮೂವರಲ್ಲಿ ಇಬ್ಬರು ಬಿಟ್ಟುಹೋಗಿದ್ದರು, ಒಬ್ಬ ಉಳಿದಿದ್ದ. ಸಾಲಿ ಮಾಸ್ತರನ ಹಾಗೆ ಎಲ್ಲದರಲ್ಲೂ ತಪ್ಪು ಹುಡುಕುತ್ತಾನೆಂದು ಅವನಿಗೆ ಮಾಸ್ತರ ಎಂದು ಹೆಸರಿಟ್ಟಿದ್ದಳು.

ಗುಳಿಗೆಗಳು ಅವಳ ಜೀವ ಉಳಿಸಿದವು, ಸುಳ್ಳು ಹೇಳಲಾರೆ. ಆದರೆ ಅವೇ ಗುಳಿಗೆ ಅಷ್ಟೇ ಲೆಕ್ಕದಲ್ಲಿ ವರ್ಷಗಟ್ಟಲೆ ಹೋದ ಮೇಲೆ ಅವಳ ಕೈ ನಡುಗಿತು, ಬಾಯಿಯ ಅಂಚಿನಿಂದ ಜೊಲ್ಲು ಇಳಿಯಿತು, ಸೂಜಿಗೆ ದಾರ ಪೋಣಿಸಲಾಗದೆ ಕೌದಿ ಕೈಬಿಟ್ಟಳು. ಬೇಡವೆಂದು ಗುಳಿಗೆ ಉಗುಳತೊಡಗಿದಳು. ಊರಿನ ಡಾಕ್ಟರಿಗೆ ಹೋಗಿ ಹೇಳಿದೆ. ಹೊರಗೆ ಇನ್ನೂರು ಜನ ಕಾಯುತ್ತಿದ್ದರು, ಪಾಪ, ಅವರಾದರೂ ಏನು ಮಾಡಿಯಾರು? ತಲೆ ಎತ್ತದೆ, ಊಟದಲ್ಲಿ ಬೆರೆಸಿ ಕೊಡಿ, ನೀವು ಅಡುಗೆಯವರೇ ಅಲ್ಲವೇ ಎಂದರು.

ಅಡುಗೆಯವನೇ, ಹೌದು. ಪುಡಿ ಮಾಡಿ ಮೊಸರಲ್ಲಿ ಹಾಕಿದರೆ ತಳಕ್ಕೆ ಕೂರುತ್ತದೆ. ಶೇಂಗಾ ಚಟ್ನಿಯಲ್ಲಿ ಹಾಕಿದರೆ ನಾಲಿಗೆಗೆ ಸಿಕ್ಕಿಬೀಳುತ್ತದೆ. ಹಾಗಲಕಾಯಿ ಪಲ್ಯದಲ್ಲಿ ಮಾತ್ರ ಕಹಿಗೆ ಕಹಿ ಸೇರಿ ಗುರುತೇ ಉಳಿಯುವುದಿಲ್ಲ. ದೊಡ್ಡ ಪಾತ್ರೆಯಿಂದ ಅವಳ ಪಾಲನ್ನು ಮುಚ್ಚಳದ ಬಟ್ಟಲಿಗೆ ತೆಗೆದು, ಅದರಲ್ಲಿ ಪುಡಿ ಬೆರೆಸಿ ಇಡುತ್ತಿದ್ದೆ. ಗಿರಾಕಿಗಳ ಗಲಾಟೆಯ ನಡುವೆಯೂ ಹೆಂಡತಿಗೆ ಬೇರೆ ತೆಗೆದಿಡುತ್ತಾನೆ, ಎಷ್ಟು ಕಾಳಜಿ ಎಂದು ಓಣಿಯವರು ಆಡಿಕೊಂಡಾಗ ನಾನು ಉಬ್ಬಿಹೋಗುತ್ತಿದ್ದೆ.

ಒಮ್ಮೆ ಅವಳು ಆ ಡಾಕ್ಟರ ಎದುರಿಗೇ, ನನ್ನ ಊಟದಲ್ಲಿ ಏನೋ ಬೆರೆಸುತ್ತಾರೆ ಎಂದಳು. ಡಾಕ್ಟರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಅನುಮಾನ ಹೆಚ್ಚಾಗಿದೆ ಎಂದು ಚೀಟಿಯಲ್ಲಿ ಬರೆದು ಒಂದು ಗುಳಿಗೆಯನ್ನು ಎರಡು ಮಾಡಿದರು. ಅವಳು ಹೇಳಿದ್ದು ಖರೆ ಎಂದು ಆ ಕೋಣೆಯಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಗೊತ್ತಿತ್ತು.

ಹುಬ್ಬಳ್ಳಿಯಲ್ಲಿ ಇಂಥವರಿಗೆಂದೇ ಸರಕಾರದ ಯೋಜನೆಯಲ್ಲಿ ಕೇಳುಮನೆ ಎಂಬುದೊಂದು ಶುರುವಾಗಿದೆ ಎಂದು ಹೇಳಿದ್ದು ನಮ್ಮಲ್ಲಿ ಊಟಕ್ಕೆ ಬರುವ ಒಬ್ಬ ನರ್ಸ್. ಅಲ್ಲಿಯ ಡಾಕ್ಟರ್ ಶಾಹಿನಾ ನದಾಫ ನನ್ನಂಥವನಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ನಾವು ಮನಸ್ಸಿನಲ್ಲೇ ಮಾತಾಡಿಕೊಂಡಾಗಲೂ ಗಂಟಲಿನ ಸ್ನಾಯು ಕೂದಲೆಳೆಯಷ್ಟು ಅಲ್ಲಾಡುತ್ತದಂತೆ. ತಲೆಯೊಳಗೆ ಬೇರೆ ಯಾರೋ ಮಾತಾಡಿದ ಹಾಗೆ ಕೇಳಿಸಿದಾಗಲೂ ಅದೇ ಗಂಟಲು ಹಾಗೇ ಅಲ್ಲಾಡುತ್ತದಂತೆ. ಕೊರಳಿಗೊಂದು ಪಟ್ಟಿ, ಹಣೆಗೊಂದು ಪಟ್ಟಿ ಕಟ್ಟಿ, ಆ ಅಲ್ಲಾಟವನ್ನು ಹಿಡಿದು ಯಂತ್ರ ಮಾತಾಗಿಸುತ್ತದೆ. ಎದುರಿನ ಕುರ್ಚಿಯ ಮೇಲೆ ಒಂದು ಸೇರಿನ ಗಾತ್ರದ ಸ್ಪೀಕರ್ ಇರುತ್ತದೆ, ಮಾತು ಅದರಿಂದ ಹೊರಗೆ ಬರುತ್ತದೆ. ಒಳಗಿದ್ದವನು ಎದುರಿಗೆ ಬಂದು ಕೂತ ಹಾಗೆ. ಆಮೇಲೆ ಅವನೊಂದಿಗೆ ಮಾತು, ಜಗಳ, ರಾಜಿ.

ಇಷ್ಟು ದಿನ ನಮಗೆ ಗೊತ್ತಿದ್ದದ್ದು ದನಿಯ ಬಾಯಿ ಮುಚ್ಚಿಸುವ ದಾರಿಯೊಂದೇ, ಅದು ಏನು ಹೇಳುತ್ತದೆ ಎಂದು ಯಾರೂ ಕೂತು ಕೇಳಿರಲಿಲ್ಲ ಎಂದರು ಡಾಕ್ಟರ್. ಗುಳಿಗೆಯನ್ನು ಅವರು ಬೈಯಲಿಲ್ಲ. ಒಮ್ಮೆಲೇ ಬಿಟ್ಟರೆ ಅಪಾಯ ಎಂದು ಮೂರು ಸಲ ಹೇಳಿದರು. ತಿಂಗಳಿಗೆ ಕಾಲು ಕಾಲು ಭಾಗ ಇಳಿಸುವುದು, ಗುಳಿಗೆಯನ್ನು ಕಸ್ತೂರಿ ತನ್ನ ಕೈಯಿಂದಲೇ ತೆಗೆದುಕೊಳ್ಳುವುದು, ಎಷ್ಟು ತೆಗೆದುಕೊಳ್ಳುತ್ತಿದ್ದೇನೆಂದು ಅವಳಿಗೆ ಗೊತ್ತಿರುವುದು. ಇಳಿಸುತ್ತಾರೆಂದು ಕೇಳಿ ಕಸ್ತೂರಿ ಉಗುಳದೆ ನುಂಗಲು ಒಪ್ಪಿದಳು. ಗೋಡೆಯ ಮೇಲೆ ಒಂದೇ ಒಂದು ನಿಯಮ ಬರೆದು ಹಾಕಿದ್ದರು: ದನಿ ಹೇಳಿದ್ದನ್ನು ನಂಬಬೇಡಿ, ತಳ್ಳಿಹಾಕಲೂಬೇಡಿ, ಪರೀಕ್ಷಿಸಿ ನೋಡಿ.

ಊಟದಲ್ಲಿ ಬೆರೆಸುವ ರೂಢಿ ಇದೆಯೇ, ಬಹಳ ಮನೆಗಳಲ್ಲಿ ಇರುತ್ತದೆ, ಇದ್ದರೆ ಹೇಳಿ ಎಂದು ಅವರು ಕೇಳಿದರು. ಕಸ್ತೂರಿ ಪಕ್ಕದಲ್ಲೇ ಕೂತಿದ್ದಳು. ಇಲ್ಲ ಎಂದೆ. ಉಳಿದ ಹಳೆ ಗುಳಿಗೆ ತಂದು ಒಪ್ಪಿಸಿ ಎಂದರು. ಮುಗಿದುಹೋಗಿವೆ ಎಂದೆ. ಸಾಸಿವೆ ಡಬ್ಬಿಯ ಹಿಂದೆ ಇನ್ನೂ ಹನ್ನೊಂದು ಪಟ್ಟಿ ಇದ್ದವು. ಆದರೆ ಬೆರೆಸುವುದನ್ನು ಅಂದಿನಿಂದ ನಿಲ್ಲಿಸಿದೆ, ಅದೂ ನಿಜ.

ವಾರಕ್ಕೊಮ್ಮೆ, ಗುರುವಾರ, ಹೋಗಬೇಕಿತ್ತು. ಮೊದಲ ನಾಲ್ಕು ಗುರುವಾರ ದನಿ ಹೊಂದಿಸುವುದರಲ್ಲೇ ಹೋಯಿತು. ಯಂತ್ರ ನೋಡಿಕೊಳ್ಳುವ ವಿನುತಾ ಹೂಗಾರ ಎಂಬ ಹುಡುಗಿ ಒಂದೊಂದೇ ದನಿ ಕೇಳಿಸುವುದು, ಕಸ್ತೂರಿ ಇನ್ನೂ ದಪ್ಪ, ಇನ್ನೂ ನಿಧಾನ, ಮಾತಿನ ಕೊನೆಗೆ ಸ್ವಲ್ಪ ಇಳಿಯಬೇಕು ಎಂದು ತಿದ್ದುವುದು. ಮದುವೆಯ ಸೀರೆಗೂ ಅವಳು ಅಷ್ಟು ಆರಿಸಿರಲಿಲ್ಲ. ಕೊನೆಗೆ, ಇದೇ ನೋಡ್ರಿ ಎಂದಳು. ಮನೆಯವರು ಗಾಜಿನಾಚೆಯ ಕೋಣೆಯಲ್ಲಿ ವಿನುತಾಳ ಪಕ್ಕ ಕೂತು ಕೇಳಬಹುದಿತ್ತು. ಕೇಳಿದೆ. ತುಂಬಿದ ಕೊಡದ ಹಾಗಿತ್ತು ಆ ದನಿ. ನನ್ನ ಗಂಟಲಿನ ಬಗ್ಗೆ ನನಗೇ ನಾಚಿಕೆಯಾಯಿತು.

ಶುರುವಿನಲ್ಲಿ ಮಾಸ್ತರ ಅವಳನ್ನು ಹೀನಾಮಾನ ಬೈದ. ನೀನು ದಂಡಪಿಂಡ, ನೀನು ಸತ್ತರೆ ಚಲೋ ಎಂದ. ಅವಳು ಅತ್ತಳು. ಡಾಕ್ಟರ್ ಅವಳ ಪಕ್ಕ ಕೂತು, ಹಾಗೆ ಯಾಕೆ ಅನ್ನುತ್ತೀರಿ ಎಂದು ಅವನನ್ನೇ ಕೇಳುವಂತೆ ಕಲಿಸಿದರು. ಹಾಗೆ ಬೈಯುತ್ತಿದ್ದಷ್ಟು ದಿನ ನನಗೆ ಹೊಟ್ಟೆಕಿಚ್ಚು ಇರಲಿಲ್ಲ, ಒಳ್ಳೆಯ ಹೆಸರು ನನ್ನದೇ ತಾನೇ? ನನಗೆ ಕಷ್ಟ ಶುರುವಾದದ್ದು ಅವನು ಮೆತ್ತಗಾದ ಮೇಲೆ. ಎರಡು ತಿಂಗಳು ಕಳೆದು ಗುಳಿಗೆ ಅರ್ಧಕ್ಕೆ ಇಳಿದಾಗ ಅವನು ಬೈಯುವುದು ಬಿಟ್ಟು ಕೇಳುವುದಕ್ಕೆ ಹತ್ತಿದ. ನಿದ್ದೆ ಬಂತೇನು, ಕೈ ನಡುಗುವುದು ಕಡಿಮೆಯಾಯಿತೇನು, ಆ ಹಸಿರು ಚೂರಿನ ಪಕ್ಕ ಯಾವ ಬಣ್ಣ ಇಡುತ್ತೀರಿ? ಕಸ್ತೂರವರ ಎಂದು ಬಹುವಚನ ಬೇರೆ. ನಾನು ಹದಿನೈದು ವರ್ಷದಿಂದ ಏ ಎಂದೇ ಕರೆದದ್ದು. ನಾನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಉಂಡೆಯಾ, ಗುಳಿಗೆ ತಗೊಂಡೆಯಾ.

ಒಂದು ಗುರುವಾರ ಅವನು ಏನೋ ಅಂದ, ಅವಳು ನಕ್ಕಳು. ಮದುವೆಯ ಮೊದಲ ವರ್ಷದ ನಗು ಅದು. ನಾನು ಅದು ಸತ್ತೇಹೋಯಿತು ಅಂದುಕೊಂಡಿದ್ದೆ. ವಿನುತಾ ಪರದೆಯ ಮೇಲಿನ ಹಸಿರು ಗೆರೆ ತೋರಿಸಿ, ನೋಡಿ ಅಣ್ಣಾವ್ರ, ಎಷ್ಟು ನಿಚ್ಚಳ ಬರುತ್ತಿದೆ, ಗುಳಿಗೆಯ ಮಬ್ಬು ಇಳಿದ ಗುರುತು ಇದು ಎಂದಳು. ನಾನು ಹೂಂ ಎಂದೆ. ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿತ್ತು.

ಮನೆಯಲ್ಲೂ ಅವನಿಗೆಂದು ಒಂದು ಹೊತ್ತು ಗೊತ್ತುಮಾಡಿ, ಉಳಿದ ವೇಳೆ ಬಂದರೆ ಆಮೇಲೆ ಬನ್ನಿ ಎಂದು ಕಳಿಸಿ ಎಂದರು ಡಾಕ್ಟರ್. ಕಸ್ತೂರಿ ಸಂಜೆ ನಾಲ್ಕು ಗಂಟೆ ಇಟ್ಟುಕೊಂಡಳು. ಖಾನಾವಳಿ ಖಾಲಿಯಿರುವ, ನಾನು ಅವಳ ಜೊತೆ ಚಹಾ ಕುಡಿಯಬಹುದಾದ ಹೊತ್ತು ಅದೊಂದೇ. ನಾಲ್ಕಾಯಿತೆಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ನನ್ನ ಹೆಂಡತಿ ದಿನಾ ಇನ್ನೊಬ್ಬನ ಜೊತೆ ಬಾಗಿಲು ಹಾಕಿಕೊಂಡು ಅರ್ಧ ತಾಸು ಕೂರುತ್ತಾಳೆ, ಅದಕ್ಕೆ ಸರಕಾರದ ಡಾಕ್ಟರ ಅಪ್ಪಣೆಯೂ ಇದೆ, ಇದನ್ನು ಯಾರ ಹತ್ತಿರ ಹೇಳಲಿ? ಬಾಗಿಲಿಗೆ ಕಿವಿ ಹಚ್ಚಿ ನಿಂತರೆ ಅವಳ ಮಾತು ಮಾತ್ರ ಕೇಳುತ್ತಿತ್ತು. ಅವನದು ಕೇಳುತ್ತಿರಲಿಲ್ಲ. ಆ ಖಾಲಿ ಜಾಗದಲ್ಲಿ ಅವನು ಏನೇನು ಅಂದಿರಬಹುದೆಂದು ನಾನೇ ತುಂಬಿಕೊಂಡು ಸಾಯುತ್ತಿದ್ದೆ.

ಅವಳ ಕೈ ಗಟ್ಟಿಯಾಯಿತು, ಸೂಜಿ ಹಿಡಿದಳು. ಹಸಿರು, ಕುಂಕುಮ, ಕಂದು ಚೂರುಗಳ ಒಂದು ಕೌದಿ ಬೆಳೆಯತೊಡಗಿತು. ನಾಲ್ಕನೆಯ ತಿಂಗಳ ಒಂದು ಗುರುವಾರ ಮಾಸ್ತರ ಅವಳನ್ನು, ಈ ಕೌದಿ ಯಾರಿಗೆ ಎಂದು ಕೇಳಿದ. ನಾನು ಗಾಜಿನಾಚೆ ಕುರ್ಚಿಯ ತುದಿಗೆ ಬಂದೆ.

"ನಿಮಗ," ಎಂದಳು ಕಸ್ತೂರಿ. "ನೀವು ಹೊದ್ಕೊಳ್ಳಾಕ ಆಗೂದಿಲ್ಲ, ಖರೆ. ಆದ್ರೂ ನಿಮಗ."

ಮದುವೆಯ ವರ್ಷ ಅವಳು ನನಗೂ ಒಂದು ಕೌದಿ ಹೊಲಿದುಕೊಟ್ಟಿದ್ದಳು. ಅದು ಈಗ ಎಲ್ಲಿದೆ ಎಂದು ನೆನೆಸಿಕೊಂಡೆ. ಬಿಸಿ ರೊಟ್ಟಿ ಆರದಿರಲೆಂದು ಬುಟ್ಟಿಗೆ ಸುತ್ತಿದ್ದೆ. ಹಿಟ್ಟು, ಎಣ್ಣೆ ಹತ್ತಿ ಬಣ್ಣ ಯಾವುದೆಂದೇ ತಿಳಿಯುತ್ತಿರಲಿಲ್ಲ. ಇದರಿಂದ ನನಗೆ ಬುದ್ಧಿ ಬರಬೇಕಿತ್ತು. ಬಂದದ್ದು ಸಿಟ್ಟು.

ಅವತ್ತು ಮನೆಗೆ ಬಂದವನೇ ಸಾಸಿವೆ ಡಬ್ಬಿಯ ಹಿಂದೆ ಕೈ ಹಾಕಿದೆ. ಅವಳ ಮೇಲಿನ ಕಾಳಜಿಯಿಂದ ಎಂದು ನನಗೆ ನಾನೇ ಹೇಳಿಕೊಂಡೆ, ಗುಳಿಗೆ ಇಷ್ಟು ಇಳಿಸಿದರೆ ಮತ್ತೆ ಹಳಿಯ ಮೇಲೆ ಹೋಗಿ ಕೂತಾಳು ಎಂದು ಹೇಳಿಕೊಂಡೆ. ಅದೆಲ್ಲ ನೆಪ. ಅವನನ್ನು ಕೊಲ್ಲಬೇಕಿತ್ತು, ಕೊಲ್ಲಲು ನನ್ನ ಹತ್ತಿರ ಇದ್ದದ್ದು ಅದೊಂದೇ. ದಿನಾ ಎರಡು ಗುಳಿಗೆ ಪುಡಿಮಾಡಿ ಅವಳ ಬಟ್ಟಲಿಗೆ ಬೆರೆಸಿದೆ. ಗುರುವಾರ ಹುಬ್ಬಳ್ಳಿಗೆ ಹೋಗುವಾಗ ಬುತ್ತಿ ಕಟ್ಟಬೇಕಲ್ಲ, ಅವಳ ಡಬ್ಬಿಯಲ್ಲಿ ಹಾಗಲಕಾಯಿ ಪಲ್ಯ, ರೊಟ್ಟಿ. ನನಗೆ ಹಾಗಲಕಾಯಿ ಸೇರುವುದಿಲ್ಲ ಎಂದು ಹೇಳಿ ನಾನು ಅಲ್ಲಿಯ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದೆ.

ಎರಡೇ ವಾರಕ್ಕೆ ಅವಳ ಕಣ್ಣು ಮಂಕಾಯಿತು. ಕೌದಿ ಮೂಲೆ ಸೇರಿತು. ನಾಲ್ಕು ಗಂಟೆಗೆ ಒಳಗೆ ಹೋದವಳು ಐದು ನಿಮಿಷಕ್ಕೆ ಹೊರಗೆ ಬಂದು, ಅವರ ಮಾತು ಸರಿ ಕೇಳವಲ್ದು ಎಂದು ಸುಮ್ಮನೆ ಕೂರುವಳು. ನಾನು ಚಹಾ ಮಾಡಿಕೊಟ್ಟೆ. ಅವಳ ಎದುರಿಗೆ ಕೂತು ಚಹಾ ಕುಡಿದೆ. ಗೆದ್ದೆ ಎಂದುಕೊಂಡೆ. ಅವಳು ಲೋಟ ಎತ್ತಿದಾಗ ಕೈ ನಡುಗಿ ಚಹಾ ಸೀರೆಯ ಮೇಲೆ ಚೆಲ್ಲಿತು.

ಕೇಳುಮನೆಯಲ್ಲಿ ಹಸಿರು ಗೆರೆ ಕಲಸಿಹೋಯಿತು. ವಿನುತಾ ಕೊರಳಪಟ್ಟಿ ಎರಡು ಸಲ ಬದಲಿಸಿದಳು, ತಂತಿ ಬದಲಿಸಿದಳು, ಊಟ ಬಿಟ್ಟು ಯಂತ್ರ ಬಿಚ್ಚಿ ಕೂತಳು. ಕಾಲು ಗುಳಿಗೆ ತೆಗೆದುಕೊಳ್ಳುವವರ ಗೆರೆ ಹೀಗಿರುವುದಿಲ್ಲ, ಎರಡು ತೆಗೆದುಕೊಳ್ಳುವವರದು ಹೀಗಿರುತ್ತದೆ, ಅಣ್ಣಾವ್ರ, ನನಗೇ ತಿಳಿಯುತ್ತಿಲ್ಲ ಎಂದಳು. ಆ ಹುಡುಗಿಯ ಮುಖ ನೋಡಲಾಗದೆ ನಾನು ನೀರು ಕುಡಿಯುವ ನೆಪ ಮಾಡಿ ಎದ್ದುಹೋದೆ. ಡಾಕ್ಟರ್ ಶಾಹಿನಾ ನನ್ನನ್ನು ಕರೆದು ಹೇಳಿದರು: ಇನ್ನೊಂದು ಗುರುವಾರ ನೋಡುತ್ತೇವೆ. ಸುಧಾರಿಸದಿದ್ದರೆ ಕಾಯಿಲೆ ಮರುಕಳಿಸಿದೆ ಎಂದು ಸಮಿತಿಗೆ ಬರೆಯಬೇಕಾಗುತ್ತದೆ. ಅವರು ಅವಳನ್ನು ಈ ಯೋಜನೆಯಿಂದ ತೆಗೆದು ಮತ್ತೆ ಆಸ್ಪತ್ರೆಗೆ ಸೇರಿಸುತ್ತಾರೆ. ಒಮ್ಮೆ ತೆಗೆದವರನ್ನು ತಿರುಗಿ ತೆಗೆದುಕೊಳ್ಳುವುದಿಲ್ಲ.

ಆಸ್ಪತ್ರೆ ಎಂದ ಕೂಡಲೇ ನನಗೆ ಆ ನಲವತ್ತು ದಿನ ನೆನಪಾದವು. ಬೆರೆಸುವುದನ್ನು ನಿಲ್ಲಿಸಬೇಕೆಂದುಕೊಂಡೆ. ನಿಲ್ಲಿಸಿದರೆ ಅವನು ಬರುತ್ತಾನೆ. ಆ ವಾರವಿಡೀ ನಾಳೆಯಿಂದ ನಿಲ್ಲಿಸಿದರಾಯಿತು ಎನ್ನುತ್ತಲೇ ದಿನಾ ಬೆರೆಸಿದೆ. ಗುರುವಾರ ಬುತ್ತಿಯನ್ನೂ ಕಟ್ಟಿದೆ.

ಅಂದು ಬಹಳ ಹೊತ್ತು ಸ್ಪೀಕರಿನಿಂದ ಗೊರಗೊರ ಬಿಟ್ಟು ಏನೂ ಬರಲಿಲ್ಲ. ಡಾಕ್ಟರ್ ಕಸ್ತೂರಿಯ ಕೈ ಹಿಡಿದು ಕೂತಿದ್ದರು. ಆಮೇಲೆ, ನೀರೊಳಗಿಂದ ಮಾತಾಡಿದ ಹಾಗೆ, ಮಾಸ್ತರನ ದನಿ ಬಂತು.

"ಕಸ್ತೂರವರ, ನಿಮ್ಮ ಊಟದಾಗ ಏನೋ ಐತಿ. ಉಣಬ್ಯಾಡ್ರಿ."

ವಿನುತಾ ನನ್ನ ಕಡೆ ತಿರುಗಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ನನ್ನ ಅಂಗಿ ಬೆನ್ನಿಗೆ ಅಂಟಿತು. ಗಾಜಿನಾಚೆ ಕಸ್ತೂರಿ ಮುಂದಕ್ಕೆ ಬಾಗಿದಳು. ಆಮೇಲೆ ಆ ಸ್ಪೀಕರಿಗೆ, ಮಕ್ಕಳಿಗೆ ತಿಳಿಹೇಳುವಂತೆ, ನಿಧಾನಕ್ಕೆ ಹೇಳಿದಳು.

"ಹಂಗ ಅನಬ್ಯಾಡ್ರಿ ಮಾಸ್ತರ. ಹಿಂದ ಒಮ್ಮೆ ನಾನೂ ಹಂಗ ಅಂದಿದ್ದೆ, ಅದು ನನ್ನ ತಲೀ ಸುಳ್ಳು. ಅವರು ಒಂಬತ್ತು ವರ್ಷ ನನಗ ಕೈಯಾರೆ ಮಾಡಿ ಹಾಕ್ಯಾರ. ಅವರಿಗಿಂತ ನೀವು ಹೆಚ್ಚಲ್ಲ ನನಗ."

ಇಷ್ಟು ದಿನ ನಾನು ಹಾತೊರೆದಿದ್ದ ಮಾತು ಅದು. ಅವಳು ಅವನನ್ನು ಬಿಟ್ಟು ನನ್ನನ್ನು ಆರಿಸಿದಳು, ಅದೂ ನಾಲ್ಕು ಜನರೆದುರು. ನಿಜ ಹೇಳಿದವನನ್ನು ಬಿಟ್ಟು ಸುಳ್ಳು ಹೇಳಿದವನನ್ನು ಆರಿಸಿದಳು. ನನಗೆ ಆನಂದವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಒಂದು ಕ್ಷಣ ಆಯಿತು.

ಡಾಕ್ಟರ್ ಗೋಡೆಯ ಮೇಲಿನ ನಿಯಮ ತೋರಿಸಿ, ಪರೀಕ್ಷಿಸಿ ನೋಡೋಣ, ಬುತ್ತಿಯಲ್ಲಿ ಸ್ವಲ್ಪ ತೆಗೆದು ಪ್ರಯೋಗಾಲಯಕ್ಕೆ ಕಳಿಸೋಣ ಎಂದರು. ಕಸ್ತೂರಿ ಕೇಳಲಿಲ್ಲ. ನನ್ನ ಗಂಡನಿಗೆ ಯಾಕೆ ಆ ಅವಮಾನ ಎಂದಳು. ನನ್ನನ್ನು ಒಳಗೆ ಕರೆಸಿ, ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ಹಾಗಲಕಾಯಿ ಪಲ್ಯ ತುಂಬಿ ನಡುಗುವ ಕೈಯಿಂದ ನನ್ನ ಬಾಯಿಗೆ ಹಿಡಿದಳು. ಉಣ್ರಿ, ಮಾಸ್ತರಿಗೂ ಒಮ್ಮೆ ತಿಳೀಲಿ ಎಂದಳು. ಮದುವೆಯ ದಿನ ನೆರೆದವರೆಲ್ಲ ಒತ್ತಾಯ ಮಾಡಿ ತಿನ್ನಿಸಿದ ತುತ್ತು ಬಿಟ್ಟರೆ ಅವಳು ನನಗೆ ತಿನ್ನಿಸಿದ್ದು ಅದೇ ಮೊದಲು.

ಬಾಯಿ ತೆರೆದೆ. ಅಡುಗೆಯವನು ರುಚಿ ನೋಡಬಾರದೆಂದು ಇಷ್ಟು ವರ್ಷ ನಾನು ಆ ಬಟ್ಟಲಿಗೆ ನಾಲಿಗೆ ಹಚ್ಚಿರಲಿಲ್ಲ. ಹಾಗಲಕಾಯಿಯ ಕಹಿ ನನಗೆ ಗೊತ್ತು, ಅದು ಬಂದು ಹೋಗುತ್ತದೆ. ಅದರ ಕೆಳಗೆ ಇನ್ನೊಂದು ಕಹಿ ಇತ್ತು, ಅದು ಹೋಗಲೇ ಇಲ್ಲ. ಗುರುತೇ ಸಿಗುವುದಿಲ್ಲ ಎಂದು ಜಂಬ ಪಟ್ಟಿದ್ದೆನಲ್ಲ, ಯಾರಿಗಾದರೂ ಸಿಗುವಂತಿತ್ತು. ಉಳಿದದ್ದು ಪ್ರಯೋಗಾಲಯಕ್ಕೆ ಹೋದೀತೆಂಬ ಹೆದರಿಕೆಗೆ ಡಬ್ಬಿ ಕಸಿದುಕೊಂಡು ಗಬಗಬನೆ ಅಷ್ಟನ್ನೂ ತಿಂದೆ, ಬೆರಳಿನಿಂದ ತಳ ಬಳಿದು ತಿಂದೆ. ಹಾಗಲಕಾಯಿ ಸೇರುವುದಿಲ್ಲ ಅಂದಿದ್ದಿರಲ್ಲ ಎಂದರು ಡಾಕ್ಟರ್. ಹಸಿವಾಗಿತ್ತು ಎಂದೆ.

ಡಾಕ್ಟರಿಗೆ ಬೇರೆ ದಾರಿ ಉಳಿದಿರಲಿಲ್ಲ. ಗೆರೆ ಕಲಸಿದೆ, ಊಟದ ಮೇಲೆ ಅನುಮಾನ ತಿರುಗಿ ಬಂದಿದೆ, ಐದು ಗಂಟೆಗೆ ಸಮಿತಿಗೆ ವರದಿ ಕಳಿಸುತ್ತೇನೆ, ಸೋಮವಾರ ಆಸ್ಪತ್ರೆಗೆ ಕರೆತರಬೇಕಾಗಬಹುದು ಎಂದರು. ಕಸ್ತೂರಿ ತಲೆಯಾಡಿಸಿ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಎರಡೂವರೆಯ ಗದಗ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತೆವು. ಕುಸುಗಲ್ಲು ದಾಟುವಷ್ಟರಲ್ಲಿ ನನ್ನ ಬಾಯಿ ಒಣಗಿತು. ನಿದ್ದೆ ಎಂದುಕೊಂಡೆ, ಅದು ನಿದ್ದೆಯಲ್ಲ. ಮೈಮೇಲೆ ಒದ್ದೆ ಗೋಣಿಚೀಲ ಹೊದಿಸಿದ ಹಾಗೆ. ಕೆನ್ನೆಯ ಮೇಲೆ ನೊಣ ಕೂತಿತು, ಓಡಿಸಬೇಕೆಂದುಕೊಂಡೆ, ಕೈ ಮೇಲೇಳಲಿಲ್ಲ. ಟಿಕೆಟ್ ಕೇಳಿದವನಿಗೆ ಉತ್ತರ ಕೊಡಲು ಮಾತು ಹುಡುಕಿದರೆ ನಾಲಿಗೆ ದಪ್ಪಗೆ ಬಿದ್ದುಕೊಂಡಿತ್ತು. ಹೆದರಿಕೆಯೂ ಎಲ್ಲೋ ದೂರದಲ್ಲಿ ಬೇರೆ ಯಾರಿಗೋ ಆಗುತ್ತಿರುವಂತಿತ್ತು. ಇದರೊಳಗೆ ಅವಳು ಒಂಬತ್ತು ವರ್ಷ ಕೂತಿದ್ದಳು. ಒಂದು ಡಬ್ಬಿಗೇ ನಾನು ಹೀಗಾದೆ.

ಕಸ್ತೂರಿ ನನ್ನನ್ನೇ ನೋಡುತ್ತಿದ್ದಳು. ಮೊದಲು ಗಾಬರಿಯಿಂದ, ಆಮೇಲೆ ಗಾಬರಿಯಿಲ್ಲದೆ. ನನ್ನ ಗದ್ದ ಹಿಡಿದು ಮುಖ ಎತ್ತಿದಳು, ಕೈಬೆರಳು ಹಿಡಿದು ಮಡಚಿ ಬಿಡಿಸಿ ನೋಡಿದಳು. ಆ ಮುಖ ಅವಳಿಗೆ ಗೊತ್ತಿತ್ತು, ಕನ್ನಡಿಯಲ್ಲಿ ದಿನಾ ನೋಡಿದ್ದಳು. ಚೀಲದಿಂದ ಖಾಲಿ ಡಬ್ಬಿ ತೆಗೆದು ಮೂಸಿದಳು. ಸೆರಗಿನಿಂದ ನನ್ನ ತುಟಿಯ ಅಂಚು ಒರೆಸಿದಳು.

"ಎಷ್ಟು ದಿನದಿಂದ?" ಎಂದಳು.

ಹೇಳಿದೆ. ಉಗುಳಿದ ಗುಳಿಗೆಯಿಂದ ಹಿಡಿದು ಸಾಸಿವೆ ಡಬ್ಬಿಯವರೆಗೆ, ಚೀಟಿಯಲ್ಲಿ ಅನುಮಾನ ಎಂದು ಬರೆಸಿದ್ದು, ಈಗ ತಿಂಗಳಿನಿಂದ ಮತ್ತೆ ಶುರುಮಾಡಿದ್ದು. ಈಗ ಯಾಕೆ ಎಂದು ಕೇಳಿದಳು. ಅವನ ಮೇಲಿನ ಹೊಟ್ಟೆಕಿಚ್ಚಿಗೆ ಎಂದೆ. ದಪ್ಪ ನಾಲಿಗೆಯಲ್ಲಿ ಅಷ್ಟು ಹೇಳುವುದಕ್ಕೆ ಹೆಬಸೂರಿನಿಂದ ಅಣ್ಣಿಗೇರಿಯವರೆಗೆ ಹಿಡಿಯಿತು. ಅವಳು ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಅಳಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚು, ಈಗಲೇ ಹೇಳಿಬಿಡುತ್ತೇನೆ ಎಂದೆ.

"ಫೋನಿನಾಗ ಬ್ಯಾಡ," ಎಂದಳು. "ಅಲ್ಲೇ ಬಂದು, ಮಾಸ್ತರ ಮುಂದ ಹೇಳ್ರಿ."

ಅಣ್ಣಿಗೇರಿಯಲ್ಲಿ ಇಳಿದೆವು. ನನ್ನ ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಅವಳೇ ರಟ್ಟೆ ಹಿಡಿದು ಪ್ಲಾಟ್‌ಫಾರ್ಮ್ ದಾಟಿಸಿ ಹುಬ್ಬಳ್ಳಿ ಗಾಡಿಗೆ ಹತ್ತಿಸಿದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಕೇಳುಮನೆಯ ಮೆಟ್ಟಿಲಲ್ಲಿದ್ದೆವು. ವಿನುತಾ ಕಸ್ತೂರಿಗೆ ಪಟ್ಟಿ ಕಟ್ಟಿದಳು. ಡಾಕ್ಟರ್ ವರದಿಯ ಮೇಲೆ ಕೈ ಇಟ್ಟುಕೊಂಡು ನಿಂತರು. ನಾನು ಆ ಕುರ್ಚಿಯ ಎದುರು ನಿಂತು, ಸೇರಿನ ಗಾತ್ರದ ಸ್ಪೀಕರಿಗೆ, ನಾನು ಕೊಲ್ಲಬೇಕೆಂದಿದ್ದವನಿಗೆ ಹೇಳಿದೆ: ನೀನು ಹೇಳಿದ್ದು ಖರೆ, ಊಟದಲ್ಲಿ ಇತ್ತು, ಹಾಕಿದವನು ನಾನು.

ಬಹಳ ಹೊತ್ತು ಗೊರಗೊರ. ಅವನು ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅವರಿಗೆ ನೀರು ಕೊಡ್ರಿ," ಎಂದ ಮಾಸ್ತರ. "ಬಾಯಿ ಒಣಗಿರತೈತಿ."

ವಿನುತಾ ನೀರು ತಂದುಕೊಟ್ಟಳು. ಕುಡಿಯುತ್ತ ಕಸ್ತೂರಿಯ ಕೊರಳ ಕಡೆ ನೋಡಿದೆ. ಮಾತು ನಿಂತಿದ್ದರೂ ಪಟ್ಟಿಯ ಕೆಳಗೆ ಸಣ್ಣಗೆ ಮಿಡಿಯುತ್ತಿತ್ತು. ಆ ಮಾತು ಹುಟ್ಟಿದ್ದು ಅಲ್ಲೇ, ಅವಳ ಗಂಟಲಲ್ಲೇ, ಮೊದಲ ದಿನವೇ ಡಾಕ್ಟರ್ ಹೇಳಿದ್ದರು. ಬಾಯಿ ಒಣಗುತ್ತದೆಂದು ಬೇರೆ ಯಾರಿಗೆ ಗೊತ್ತಿರಬೇಕು? ಇದು ತಿಳಿದ ಮೇಲೆ ಹೊಟ್ಟೆಕಿಚ್ಚು ಹೋಗಬೇಕಿತ್ತು. ಹೋಗಲಿಲ್ಲ. ನನಗೆ ಒಂದು ಸಲವೂ ಬಾರದಿದ್ದ ಮಾತು ಅವನಿಗೆ ಬಂತಲ್ಲ ಎಂದು ಇನ್ನಷ್ಟು ಉರಿಯಿತು.

ಡಾಕ್ಟರ್ ವರದಿಯನ್ನು ಹರಿದರು. ನನ್ನ ಮೇಲೆ ರೇಗಲಿಲ್ಲ. ಅವಳ ಹಳೆಯ ಚೀಟಿಗಳ ಕಟ್ಟಿನಿಂದ ಅನುಮಾನ ಎಂದು ಬರೆದಿದ್ದದ್ದನ್ನು ಹುಡುಕಿ ತೆಗೆದು, ಅದರ ಪಕ್ಕ, ರೋಗಿ ಹೇಳಿದ್ದು ನಿಜವಾಗಿತ್ತು ಎಂದು ಬರೆದು ಸಹಿ ಮಾಡಿದರು. ಕಸ್ತೂರಿ ಅದನ್ನು ಎರಡು ಸಲ ಓದಿಸಿಕೊಂಡಳು. ಆವಾಗ ಅತ್ತಳು.

ಇದಾಗಿ ಏಳು ತಿಂಗಳಾಯಿತು. ಅವಳೀಗ ದಿನಕ್ಕೆ ಕಾಲು ಗುಳಿಗೆ ತನ್ನ ಕೈಯಿಂದಲೇ ತೆಗೆದುಕೊಳ್ಳುತ್ತಾಳೆ. ಮಾಸ್ತರ ಕೆಲವು ದಿನ ನಾಲ್ಕು ಗಂಟೆಗೆ ಬರುತ್ತಾನೆ, ಕೆಲವು ದಿನ ಬರುವುದೇ ಇಲ್ಲ. ಆ ಕೌದಿ ಮುಗಿದು ಕೇಳುಮನೆಯ ಕುರ್ಚಿಯ ಮೇಲೆ, ಸ್ಪೀಕರಿನ ಕೆಳಗೆ ಹಾಸಿದೆ. ನನ್ನದನ್ನು ಬುಟ್ಟಿಯಿಂದ ಬಿಚ್ಚಿ ಮೂರು ಸಲ ಒಗೆದೆ, ಎಣ್ಣೆಯ ಕಲೆ ಹೋಗಲಿಲ್ಲ.

ನಾನು ಬೇರೆ ತೆಗೆದಿಟ್ಟ ಬಟ್ಟಲನ್ನು ಅವಳು ಮತ್ತೆ ಮುಟ್ಟಲಿಲ್ಲ. ಮನೆ ಬಿಟ್ಟೂ ಹೋಗಲಿಲ್ಲ. ಮಧ್ಯಾಹ್ನ ಖಾನಾವಳಿಗೆ ಬಂದು, ಹಮಾಲರು, ಕಂಡಕ್ಟರುಗಳು, ಪರೀಕ್ಷೆಗೆ ಬಂದ ಹುಡುಗರ ಸಾಲಿನಲ್ಲಿ ಎಲ್ಲಿ ಜಾಗವಿದೆಯೋ ಅಲ್ಲಿ ಕೂರುತ್ತಾಳೆ. ಎಲ್ಲರಿಗೂ ಬಡಿಸಿದ ಪಾತ್ರೆಯಿಂದಲೇ ತನಗೂ ಬಡಿಸಬೇಕು. ಪಕ್ಕದವರು ಒಂದು ತುತ್ತು ತಿಂದ ಮೇಲೆ ಅವಳು ತಿನ್ನುತ್ತಾಳೆ. ಗಿರಾಕಿಗಳು ನೋಡುತ್ತಾರೆ, ನಾನು ಬಡಿಸುತ್ತೇನೆ.

ನಿನ್ನೆ ಬದನೆಕಾಯಿ ಎಣ್ಣೆಗಾಯಿ. ಎರಡು ತುತ್ತು ಉಂಡವಳು ಕೈ ಹಾಗೇ ಹಿಡಿದು ಒಂದು ಕಡೆ ತಲೆ ವಾಲಿಸಿ ಕೂತಳು. ಆ ಭಂಗಿ ನನಗೆ ಗೊತ್ತು. ನಾಲ್ಕು ಗಂಟೆಯೂ ಅಲ್ಲ, ಹಾಡಹಗಲು ಒಂದೂವರೆಗೆ, ನನ್ನ ಖಾನಾವಳಿಗೇ ಬಂದಿದ್ದ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ತಡೆಯಲಾಗಲಿಲ್ಲ, ಹೋಗಿ ಅವಳ ಪಕ್ಕ ಬಗ್ಗಿ, ಏನಂತೆ ಎಂದು ಕೇಳಿದೆ.

"ಉಪ್ಪು ಕಡಿಮಿ ಆಗೇತಿ ಅಂತಾರ," ಎಂದಳು.

ಒಲೆಯ ಹತ್ತಿರ ಹೋಗಿ, ಗಿರಾಕಿಗಳು ಇನ್ನೂ ಉಣ್ಣುತ್ತಿರುವಾಗಲೇ, ಪಾತ್ರೆಗೆ ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಕಡಿಮೆಯಾಗಿತ್ತು. ಉಪ್ಪಿನ ಬಟ್ಟಲು ಅವಳ ಹತ್ತಿರ ತಂದು, ಬಡಿಸುವ ಮುಂಚೆ ಅವಳಿಗೆ ಕಾಣುವ ಹಾಗೆ ಅದರಿಂದಲೇ ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿಕೊಂಡೆ.